ಅಂಟಿಸದೆ ಉಳಿದ ಸೀಟು

“ಉಸ್ತಾದ್, ಕಷ್ಟದಲ್ಲಿ ಬಿಟ್ಟು ಓಡಿದವನನ್ನು ಕ್ಷಮಿಸಬೇಕೆ?” ಎಂದು ಶಿಷ್ಯ ಕೇಳಿದ.

ಬೆಳಗಿನ ಸಾಮು ಮುಗಿದಿತ್ತು. ಶಿಷ್ಯ ದಿನದ ಹಾಗೆ ಕುಸ್ತಿಯ ಜೋಡಿ ಜೊತೆಗಿಲ್ಲದೆ, ಗರಡಿಯ ಕೆಂಪು ಮಣ್ಣನ್ನು ಗುದ್ದಲಿಯಿಂದ ಒಬ್ಬನೇ ಸಡಿಲ ಮಾಡುತ್ತಿದ್ದ. ಉಸ್ತಾದರು ಕಟ್ಟೆಯ ಮೇಲೆ ಕೂತು ನೆನೆಸಿದ ಬಾದಾಮಿಯ ಸಿಪ್ಪೆ ಸುಲಿಯುತ್ತಿದ್ದರು.

“ಯಾರು ಓಡಿದ್ದು?”

“ಯಾರೂ ಇಲ್ಲ. ಸುಮ್ಮನೆ ಮಾತಿಗೆ ಕೇಳಿದೆ.”

“ಮಾತಿಗೆ ಕೇಳುವವನು ಇಷ್ಟು ಜೋರಾಗಿ ಗುದ್ದಲಿ ಹಾಕುವುದಿಲ್ಲ. ಮಣ್ಣು ನಿನಗೇನು ಮಾಡಿತ್ತು? ಕೂತುಕೋ,” ಎಂದು ಉಸ್ತಾದರು ಕತೆ ಶುರುಮಾಡಿದರು.

ಒಬ್ಬ ಚಾಲಕನಿದ್ದ. ಸೈನ್ಯದಲ್ಲಿ ಹದಿನೇಳು ವರ್ಷ ಟ್ಯಾಂಕು ಓಡಿಸಿದವನು. ಊರಿಗೆ ಬಂದ ಮೇಲೆ ಡೇರಿಯ ಹಾಲಿನ ಗಾಡಿ ಓಡಿಸಿದ. ಟ್ಯಾಂಕಿನಿಂದ ಇಳಿದು ಟ್ಯಾಂಕರು ಹತ್ತಿದ ಎಂದು ಊರವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ತಿರುವು ಬಂದಾಗಲೆಲ್ಲ ಅವನ ಎರಡು ಕೈಗಳು ಸ್ಟೀರಿಂಗ್ ಮರೆತು, ಟ್ಯಾಂಕಿನ ಎರಡು ಹಿಡಿಗಳನ್ನು ಗಾಳಿಯಲ್ಲಿ ಹುಡುಕುತ್ತಿದ್ದವು. ಪುಣ್ಯಕ್ಕೆ ಹಾಲು ಚೆಲ್ಲಲಿಲ್ಲ.

ಅವನ ಟ್ಯಾಂಕಿನಲ್ಲಿ ನಾಲ್ವರು. ಮುಂದೆ, ತಗ್ಗಿನಲ್ಲಿ, ಚಾಲಕ ಒಬ್ಬನೇ. ಅವನ ಹಿಂದೆ, ಮೇಲ್ಗಡೆ, ಟ್ಯಾಂಕಿನ ತಿರುಗುವ ತಲೆ. ಆ ತಲೆಯಿಂದ ತೋಪಿನ ಉದ್ದನೆಯ ನಳಿಗೆ ಮುಂದಕ್ಕೆ ಚಾಚಿರುತ್ತಿತ್ತು. ತಲೆಯ ಒಳಗೆ ಮೂವರು: ಗುಂಡು ಹಾರಿಸುವ ಗನ್ನರ್, ಗುಂಡು ತುಂಬಿಕೊಡುವವನು, ಇಬ್ಬರನ್ನೂ ಬೈಯುವ ಕಮಾಂಡರ್. ಓಡುವಾಗ ಚಾಲಕನಿಗೆ ಆ ಮೂವರ ಮುಖ ಕಾಣದು. ಕಿವಿಗೆ ಹಾಕಿಕೊಂಡ ತಂತಿಯಲ್ಲಿ ದನಿ ಮಾತ್ರ ಬರುತ್ತಿತ್ತು.

ಆರು ವರ್ಷ ಆ ದನಿಗಳೇ ಅವನ ಮನೆಯವರು. ಮರುಭೂಮಿಯಲ್ಲಿ ಎಂಜಿನ್ನಿನ ಕಾವಿಗೆ ಚಪಾತಿ ಬಿಸಿಮಾಡಿಕೊಂಡು ನಾಲ್ವರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು. ಗನ್ನರ್ ಗದಗಿನ ಕಡೆಯವನು. ಕತ್ತೆಯೂ ಕಿವಿ ಮುಚ್ಚಿಕೊಳ್ಳುವ ಹಾಗೆ ಹಾಡುತ್ತಿದ್ದ. “ಹಾಡು ನಿಲ್ಲಿಸು, ಇಲ್ಲವೇ ಶತ್ರುವಿಗೆ ಕೇಳಿಸು,” ಎಂದು ಕಮಾಂಡರ್ ಗದರುತ್ತಿದ್ದ. ಅದಕ್ಕಿಂತ ಒಳ್ಳೆಯ ದಿನಗಳನ್ನು ಚಾಲಕ ಮತ್ತೆ ಕಾಣಲಿಲ್ಲ.

ಅರವತ್ತೆರಡು ತುಂಬಿದ ಮೇಲೆ ಹಾಲಿನ ಗಾಡಿಯೂ ಹೋಯಿತು. ಆಗ ಅವನು ಪೇಟೆಯಿಂದ ಒಂದು ಪೆಟ್ಟಿಗೆ ತಂದ. ಅದರಲ್ಲಿ ಸಾವಿರದ ಇನ್ನೂರು ಪ್ಲಾಸ್ಟಿಕ್ ತುಂಡುಗಳು. ಎಲ್ಲ ಸೇರಿಸಿದರೆ ಅವನ ಟ್ಯಾಂಕೇ, ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿ. ಹೊರಗಿನ ಆಕಾರ ಮಾತ್ರವಲ್ಲ. ಮುಚ್ಚಳ ಎತ್ತಿದರೆ ಎಂಜಿನ್ನು, ಗುಂಡುಗಳ ಸಾಲು, ಪೆಡಲು, ಸೀಟು, ಎಲ್ಲ ಒಳಗಿರಬೇಕು.

“ಈ ವಯಸ್ಸಿಗೆ ಆಟದ ಸಾಮಾನಾ? ಹಾಗೇ ಒಂದು ಗಿಲಕಿನೂ ತರಬೇಕಿತ್ತು ಕಣ್ರೀ,” ಎಂದಳು ಹೆಂಡತಿ. “ಮದುವೆಯಾಗಿ ಮೂವತ್ತೈದು ವರ್ಷವಾಯ್ತು, ಗೋಡೆಗೆ ಒಂದು ಮೊಳೆ ಹೊಡೆದುಕೊಡಲಿಲ್ಲ.”

ಬೈದರೂ, ಮುಳ್ಳು ತೆಗೆಯುವ ಚಿಮುಟವನ್ನು ಅವಳೇ ಹುಡುಕಿ ಕೊಟ್ಟಳು.

ನಾಲ್ಕು ತಿಂಗಳು ಅವನು ಕಿಟಕಿಯ ಬಳಿ ಬೆನ್ನು ಬಗ್ಗಿಸಿ ಕೂತ. ಒಂದೊಂದು ತುಂಡು ಕತ್ತರಿಸಿದ, ಅಂಚು ಉಜ್ಜಿದ, ಬಣ್ಣ ಬಳಿದ, ಅಂಟಿಸಿದ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಇದ್ದುದನ್ನೂ ಮಾಡಿದ, ಇಲ್ಲದ್ದನ್ನೂ ಮಾಡಿದ. ತನ್ನ ಟ್ಯಾಂಕಿನ ಎಡ ಪೆಡಲು ಸವೆದಿತ್ತು ಎಂದು ಇದರ ಎಡ ಪೆಡಲನ್ನೂ ಸವೆಸಿದ. ಮಾತ್ರೆಯ ಹಾಳೆ ಸುತ್ತಿ ಕಮಾಂಡರನ ಚಹದ ಲೋಟ ಮಾಡಿದ. ಸಾಸಿವೆ ಕಾಳಿಗೆ ಹಳದಿ ಬಳಿದು, ತನ್ನ ಸೀಟಿನ ಮುಂದೆ ನಿಂಬೆಹಣ್ಣು ಕಟ್ಟಿದ. ಕಟ್ಟುತ್ತ ಕಟ್ಟುತ್ತ ಮೂಗಿಗೆ ಡೀಸೆಲ್ ವಾಸನೆ ಬಂದಂತಾಗುತ್ತಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಸೀದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಕೊನೆಗೆ ಮೇಜಿನ ಮೇಲೆ ಒಂದು ತುಂಡು ಉಳಿಯಿತು.

“ಇದೊಂದು ಬಿಟ್ಟಿದ್ದೀರಲ್ಲ?” ಎಂದಳು ಹೆಂಡತಿ.

“ಬೇಕಂತಲೇ ಬಿಟ್ಟೆ. ಅದು ಗನ್ನರನ ಸೀಟು. ನನ್ನ ಟ್ಯಾಂಕಿನಲ್ಲಿ ಅವನಿಗೆ ಜಾಗವಿಲ್ಲ.”

ಯಾಕೆ ಎಂದು ಅವಳು ಕೇಳಿದಳು. ಮೂವತ್ತೊಂದು ವರ್ಷ ಯಾರಿಗೂ ಹೇಳದ್ದನ್ನು ಅವನು ಆ ದಿನ ಹೇಳಿದ.

ಸೈನ್ಯದ ಅಭ್ಯಾಸದಲ್ಲಿ ಒಮ್ಮೆ ಕಾಲುವೆ ದಾಟುವಾಗ ದಡ ಕುಸಿಯಿತು. ಟ್ಯಾಂಕು ಮೂತಿ ಕೆಳಗಾಗಿ ನೀರಿಗೆ ಜಾರಿ ನಿಂತಿತು. ಎಂಜಿನ್ನು ಸತ್ತಿತು. ಕಿವಿಯ ದನಿಗಳೂ ಸತ್ತವು. ಚಾಲಕನ ಕಾಲ ಬಳಿ ನೀರು ಏರತೊಡಗಿತು. ಹೊರಬರಲು ಅವನ ತಲೆಯ ಮೇಲೆ ಒಂದು ಮುಚ್ಚಳವಿದೆ. ತಳ್ಳಿದರೆ ಅದು ತೆರೆಯಲಿಲ್ಲ. ತೋಪಿನ ನಳಿಗೆ ಸರಿಯಾಗಿ ಅದರ ಮೇಲೆಯೇ ಇತ್ತು. ಗಾಜಿನ ಕಿಂಡಿಯಲ್ಲಿ ನೋಡಿದರೆ ಬೂಟುಗಳು ಮೇಲಿಂದ ಇಳಿದು ದಡದ ಕಡೆ ಹೋಗುವುದು ಕಂಡಿತು. ಗನ್ನರ್ ಒಳಗೇ ಇದ್ದು ಟ್ಯಾಂಕಿನ ತಲೆಯನ್ನು ಒಂದಿಷ್ಟು ತಿರುಗಿಸಿದ್ದರೆ ನಳಿಗೆ ಸರಿಯುತ್ತಿತ್ತು. ಚಾಲಕ ಕೂಗಿದ. ಉತ್ತರ ಬರಲಿಲ್ಲ. ನೀರು ಎದೆಗೆ ಬಂದಾಗ, ತಳ್ಳುತ್ತಿದ್ದ ಮುಚ್ಚಳ ಇದ್ದಕ್ಕಿದ್ದಂತೆ ತೆರೆಯಿತು. ಅವನು ಹೊರಗೆ ಬಂದು, ನೀರಿನಲ್ಲಿ ಒದ್ದಾಡಿ ದಡ ಹತ್ತುವಷ್ಟರಲ್ಲಿ ಮೂವರೂ ಅಲ್ಲಿದ್ದರು. ಗನ್ನರ್ ಇವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಮರುದಿನವೇ ಬೇರೆ ಟ್ಯಾಂಕಿಗೆ ಹೋದೆ. ಅವನ ಮುಖ ಮತ್ತೆ ನೋಡಲಿಲ್ಲ. ಕಮಾಂಡರ್ ವರ್ಷ ವರ್ಷ ದೀಪಾವಳಿಗೆ ಕಾಗದ ಬರೆಯುತ್ತಿದ್ದರು. ಒಮ್ಮೆ ಬಾ, ನಾಲ್ವರೂ ಕೂತು ಮಾತಾಡೋಣ, ಚಹಾ ನನ್ನದು ಅಂತ. ನಾನು ಹೋಗಲಿಲ್ಲ. ಈಚೆಗೆ ಕಾಗದವೂ ನಿಂತಿತು.”

“ಹಾಗಾದರೆ ಮುಚ್ಚಳ ಹೇಗೆ ತೆರೀತು?”

“ಇಳಿಜಾರಲ್ಲವೇ? ಭಾರಕ್ಕೆ ಟ್ಯಾಂಕಿನ ತಲೆ ತಾನೇ ಪಕ್ಕಕ್ಕೆ ಜಾರಿತು. ದೇವರು ಉಳಿಸಿದ. ತೋರಿಸುತ್ತೇನೆ, ಇರು.”

ಅವನು ಊಟದ ಮಣೆಯ ಒಂದು ತುದಿಯ ಕೆಳಗೆ ಅಕ್ಕಿ ಅಳೆಯುವ ಸೇರು ಇಟ್ಟು ಓರೆ ಮಾಡಿದ. ಅದರ ಮೇಲೆ ಟ್ಯಾಂಕನ್ನು ಮೂತಿ ಕೆಳಗಾಗಿ ಇಟ್ಟ. ತಲೆ ಸಲೀಸಾಗಿ ತಿರುಗಲಿ ಎಂದು ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟ. ನಳಿಗೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. “ಹೀಗೆ ಜಾರಿ ಇಲ್ಲಿ ನಿಂತಿತು,” ಎಂದು ಬೆರಳು ತೆಗೆದ.

ನಳಿಗೆ ನಿಲ್ಲಲಿಲ್ಲ. ಮೆಲ್ಲಗೆ ಕೆಳಕ್ಕೆ ತೂಗಿ ಬಂದು, ಚಾಲಕನ ಮುಚ್ಚಳದ ಮೇಲೆಯೇ ನಿಂತಿತು.

ಅವನು ಮತ್ತೆ ತಳ್ಳಿದ. ಅದು ಮತ್ತೆ ಬಂತು. ಎಡಕ್ಕೆ ತಳ್ಳಿದ, ಬಲಕ್ಕೆ ತಳ್ಳಿದ. ಮನೆಗೆ ಮರಳುವ ದನದ ಹಾಗೆ ಅದು ಪ್ರತಿ ಸಲವೂ ಅಲ್ಲಿಗೇ ಬಂತು. ಭಾರವೆಲ್ಲ ನಳಿಗೆಯ ಕಡೆ. ಇಳಿಜಾರಿನಲ್ಲಿ ಭಾರ ಕೆಳಗೇ ಬರುತ್ತದೆ. ಕೆಳಗೆ ಇದ್ದದ್ದು ಅವನ ಮುಚ್ಚಳ. ಅವನ ನಿಜವಾದ ಟ್ಯಾಂಕಿನಲ್ಲೂ ಭಾರ ಇದ್ದದ್ದು ಆ ಕಡೆಯೇ.

“ನಿಮ್ಮ ದೇವರು ಕೈಯಲ್ಲಿ ಹಿಡಿದುಕೊಂಡಿರಬೇಕು ಬಿಡಿ,” ಎಂದು ಹೆಂಡತಿ ನಕ್ಕಳು.

ಅವನು ನಗಲಿಲ್ಲ. ಟ್ಯಾಂಕಿನ ತಲೆಯ ಮುಚ್ಚಳ ಎತ್ತಿ ಒಳಗೆ ನೋಡಿದ. ಕರೆಂಟು ಹೋದರೆ ತಲೆಯನ್ನು ಕೈಯಿಂದ ತಿರುಗಿಸಲು ಅಲ್ಲೊಂದು ಪುಟ್ಟ ಚಕ್ರವಿತ್ತು. ಹೋದ ತಿಂಗಳು ಅವನೇ ಚಿಮುಟದಲ್ಲಿ ಹಿಡಿದು ಅಂಟಿಸಿದ್ದು. ಅದನ್ನು ತಿರುಗಿಸುವವನು ಎಲ್ಲಿ ಕೂರಬೇಕೋ ಅಲ್ಲಿ ಬರಿಯ ತೂತಿತ್ತು. ಆ ಜಾಗ ಇದ್ದದ್ದು ತಲೆಯ ತಳದಲ್ಲಿ. ನೀರು ಚಾಲಕನ ಎದೆಗೆ ಬಂದಿದ್ದರೆ ಅಲ್ಲಿ ಕೂತವನ ಸೊಂಟಕ್ಕೂ ಬಂದಿರಬೇಕು. ಅಲ್ಲಿಂದ ಹೊರಗೆ ಹೋಗುವ ದಾರಿ ಕಮಾಂಡರನ ಸೀಟು ಹತ್ತಿಯೇ. ಎಂದರೆ ಅಲ್ಲಿ ಕೂತವನು ಯಾವತ್ತೂ ಮೊದಲು ಓಡಲಾರ.

ಅವನು ಕಿಂಡಿಯಲ್ಲಿ ಕಂಡ ಬೂಟುಗಳನ್ನು ನೆನೆಸಿಕೊಂಡು ಲೆಕ್ಕ ಹಾಕಿದ. ಎರಡು ಜೊತೆ. ಮೂರನೆಯದನ್ನು ಅವನ ಸಿಟ್ಟು ಸೇರಿಸಿತ್ತು.

ಸೀಟನ್ನು ಅಂಟಿಸಿದ. ಬೆಳಿಗ್ಗೆ ಎದ್ದು ಟ್ಯಾಂಕನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಗದಗಿನ ಬಸ್ಸು ಹತ್ತಿದ. ಕಮಾಂಡರ್ ಬರೆದ ಹಳೆಯ ಕಾಗದವೊಂದರಲ್ಲಿ ಗನ್ನರನ ವಿಳಾಸವಿತ್ತು. “ಅಜ್ಜಾರ, ಡಬ್ಬಿ ಮ್ಯಾಲಿಡ್ರಿ,” ಎಂದ ಕಂಡಕ್ಟರ್. “ಆಗಲ್ಲಪ್ಪ, ಒಳಗೆ ಟ್ಯಾಂಕಿದೆ,” ಎಂದ ಇವನು. ಕಂಡಕ್ಟರ್ ಒಂದು ಕ್ಷಣ ಮುಖ ನೋಡಿ, ಕಿಟಕಿಯ ಸೀಟು ಬಿಡಿಸಿಕೊಟ್ಟ.

ಗನ್ನರ್ ಹಿಟ್ಟಿನ ಗಿರಣಿ ಇಟ್ಟಿದ್ದ. ತಲೆ, ಹುಬ್ಬು, ಮೀಸೆ, ಎಲ್ಲ ಬಿಳಿ. ವಯಸ್ಸಿನದೆಷ್ಟು, ಜೋಳದ ಹಿಟ್ಟಿನದೆಷ್ಟು ಎಂದು ಹೇಳುವಂತಿರಲಿಲ್ಲ. ಇವನನ್ನು ಕಂಡು ಗಿರಣಿ ನಿಲ್ಲಿಸಿದ.

“ಮೂವತ್ತೊಂದು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆಲೇ?”

ಚಾಲಕ ಡಬ್ಬಿ ತೆಗೆದ. ಟ್ಯಾಂಕಿನ ಮುಚ್ಚಳ ಎತ್ತಿ, ಪುಟ್ಟ ಚಕ್ರದ ಬಳಿ ಬೆರಳಿಟ್ಟ. “ಆ ದಿನ ಇಲ್ಲಿ ನೀನಿದ್ದೆಯಾ?”

“ಮತ್ತ ಯಾರಿದ್ದರು, ನಿಮ್ಮ ಮಾವ ಇದ್ದನೇನು?”

“ಯಾಕೆ ಹೇಳಲಿಲ್ಲ?”

ಗನ್ನರ್ ಕೈಯ ಹಿಟ್ಟು ಒರೆಸಿಕೊಂಡ. “ನೀ ಒಳಗ ಅವ್ವಾ, ಅವ್ವಾ ಅಂತ ಅಳತಿದ್ದಿ. ತಂತಿ ಸತ್ತಿತ್ತು, ಆದರ ಕಬ್ಬಿಣದಾಗಿಂದ ಸಣ್ಣಗ ಕೇಳತಿತ್ತು. ಕೇಳಿದಂವ ನಾ ಒಬ್ಬನ. ನನಗೂ ಉಸಿರು ಹತ್ತಿ ಓ ಅನ್ನಾಕ ಆಗಲಿಲ್ಲ. ಅಳು ಕೇಳೂತನಕ ನೀ ಬದುಕಿದ್ದಿ ಅಂತ ಚಕ್ರ ತಿರುವಿದೆ. ನೀ ಹೊರಗ ಬಂದಾಗ ಖುಷಿ ತಡೀಲಿಲ್ಲ, ನಕ್ಕೆ. ಮರುದಿನ ನೀ ಮಾರಿ ತಿರುವಿದಿ. ಅಳೋದು ಕೇಳಿದಂವನ ಮಾರಿ ನೋಡಾಕ ನಾಚಿಕಿ ಇರಬೇಕು ಅಂತ ನಾನೂ ಸುಮ್ಮನಾದೆ.”

ಗನ್ನರ್ ಟ್ಯಾಂಕಿನೊಳಗೆ ಬಗ್ಗಿ ನೋಡಿದ. ಕಮಾಂಡರನ ಲೋಟ ನೋಡಿ ನಕ್ಕ. ಸಾಸಿವೆಯ ನಿಂಬೆಹಣ್ಣು ನೋಡಿ ಇನ್ನೂ ನಕ್ಕ. “ಇಷ್ಟು ಚೊಕ್ಕ ಯಾವಾಗಿತ್ತೋ ಇದು?” ಎಂದು ಬೆರಳಿನಲ್ಲಿ ಹಿಟ್ಟು ಎತ್ತಿ ಒಳಗೆ ಉದುರಿಸಿದ. ಸೀಟು, ಪೆಡಲು, ಗುಂಡುಗಳ ಮೇಲೆಲ್ಲ ಮರುಭೂಮಿಯ ಧೂಳು ಕೂತಿತು. ಆಗ ಅದು ಅವರ ಟ್ಯಾಂಕಾಯಿತು. ಇಬ್ಬರೂ ಜೋಳದ ಚೀಲದ ಮೇಲೆ ಕೂತು ಒಂದೊಂದೇ ನೆನಪು ತೆಗೆದರು. ಹಿಟ್ಟಿಗೆ ಬಂದ ಹೆಂಗಸರು ಬಾಗಿಲಲ್ಲಿ ನಿಂತು ಬೈದರೂ ಏಳಲಿಲ್ಲ.

“ನಡಿ, ಈ ಸಲ ಕಮಾಂಡರರ ಮನೆಗೆ ನಾಲ್ವರೂ ಸೇರೋಣ,” ಎಂದ ಚಾಲಕ.

ಗನ್ನರ್ ಟ್ಯಾಂಕಿನೊಳಗಿನ ಪುಟ್ಟ ಲೋಟವನ್ನು ಬೆರಳ ತುದಿಯಿಂದ ಮುಟ್ಟಿದ. “ಅವರು ಹೋಗಿ ಎರಡು ವರ್ಷಾತು. ಕೊನೀ ದೀಪಾವಳಿಗೆ ನಾನೂ ಗುಂಡು ತುಂಬತಿದ್ದಂವನೂ ಹೋಗಿದ್ದಿವಿ. ಮುದುಕ ನಾಕು ಲೋಟ ತೊಳೆದು ಇಟ್ಟಿದ್ದ. ಮಧ್ಯಾಹ್ನದತನಕ ಬಾಗಿಲ ಕಡೆ ನೋಡಿ, ಮೂರು ಲೋಟದಾಗ ಅಷ್ಟ ಚಾ ಹಾಕಿದ.”

ಉಸ್ತಾದರು ಕತೆ ನಿಲ್ಲಿಸಿದರು. ಬಾದಾಮಿ ಸುಲಿದು ಮುಗಿದಿತ್ತು.

ಶಿಷ್ಯ ಅಂಗೈಗೆ ಹತ್ತಿದ ಮಣ್ಣು ಉಜ್ಜಿ ತೆಗೆದ. ಆಮೇಲೆ, “ಚಾಲಕನದೇನು ತಪ್ಪು, ಉಸ್ತಾದ್? ಅವನು ಕೂತ ಕಡೆಯಿಂದ ಅಷ್ಟೇ ಕಾಣುತ್ತಿತ್ತು,” ಎಂದ.

“ತಪ್ಪೇನೂ ಇಲ್ಲಪ್ಪ, ಮೂವತ್ತೊಂದು ವರ್ಷ ಹೋಯಿತು ಅಷ್ಟೇ. ನಿನ್ನ ಕುಸ್ತಿಯ ಜೋಡಿ ಹೊರಗೆ ಬಾವಿಕಟ್ಟೆಯ ಮೇಲೆ ಬಂದು ನಿನಗಾಗಿ ಕಾದು ಕೂರುತ್ತಿರುವುದು ಇವತ್ತಿಗೆ ಮೂರೇ ದಿನ.”