ಹೆಗ್ಗಣ ಮೇಸ್ತ್ರಿಯ ಮೇಲ್ಮನವಿ

ಗಣಿಯೊಂದರ ಸುರಂಗದಲ್ಲಿ ಸೂರು ಕುಸಿದು ಇಲಿಯೊಂದರ ಕಾಲು ಮುರಿಯಿತು. ಸೂರನ್ನು ಕೋಲಿನಿಂದ ತಟ್ಟಿ, ಅದು ಗಟ್ಟಿಯೋ ಟೊಳ್ಳೋ ಎಂದು ಸದ್ದು ಕೇಳಿ, ಆಮೇಲೆ ಇಲಿಗಳನ್ನು ಒಳಗೆ ಬಿಡುವುದು ಮೇಸ್ತ್ರಿ ಹೆಗ್ಗಣದ ಕೆಲಸ. ಅದು ತಟ್ಟಲೇ ಇಲ್ಲವೆಂದು ಗಣಿಯ ಯಜಮಾನ ಕಾಡುಹಂದಿ ದೂರಿತು. ಹೆಗ್ಗಣ ಇನ್ನೆಂದೂ ಗಣಿಗೆ ಇಳಿಯಕೂಡದೆಂದು ದಂಡನೆಯಾಯಿತು.

ದಂಡನೆಗಿಂತ ‘ತಟ್ಟಲಿಲ್ಲ’ ಎಂಬ ಮಾತೇ ಹೆಗ್ಗಣವನ್ನು ಹಗಲಿರುಳು ಕೊರೆಯಿತು. ಅದು ನ್ಯಾಯಾಧೀಶ ಆಮೆಗೆ ಮೇಲ್ಮನವಿ ಕೊಟ್ಟಿತು.

“ತಟ್ಟಿದ್ದೆ ಸ್ವಾಮಿ. ಟೊಳ್ಳು ಸದ್ದು ಬಂತು. ಯಜಮಾನರಿಗೆ ಹೇಳಿದೆ, ಕೆಲಸ ನಿಲ್ಲಬಾರದು ಎಂದರು. ಅವರ ಮಾತಿಗೆ ಹೆದರಿ ಇಲಿಗಳನ್ನು ಇಳಿಸಿದ್ದು ನನ್ನ ತಪ್ಪು. ಅದನ್ನು ಒಪ್ಪುತ್ತೇನೆ. ತಟ್ಟಲಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ.”

“ಹಸಿ ಸುಳ್ಳು! ಇವನು ತಟ್ಟಲೂ ಇಲ್ಲ, ನನಗೆ ಹೇಳಲೂ ಇಲ್ಲ,” ಎಂದಿತು ಹಂದಿ.

“ಹಾಗಾದರೆ ಜಾಗವನ್ನೇ ನೋಡೋಣ,” ಎಂದು ಆಮೆ ಇಬ್ಬರನ್ನೂ ಸುರಂಗಕ್ಕೆ ಕರೆದೊಯ್ದಿತು. ಕುಸಿದ ಮಣ್ಣಿನ ಹತ್ತಿರ ನಿಂತು, “ಯಜಮಾನರೇ, ಎಡಗಡೆಯಿಂದ ನೀವು ಮುಂದೆ ನಡೆಯಿರಿ,” ಎಂದಿತು.

ಹಂದಿ ಕದಲಲಿಲ್ಲ. “ಎಡಗಡೆ ಬೇಡ ಸ್ವಾಮಿ! ಅಲ್ಲೂ ಟೊಳ್ಳು ಅಂತ ಇವನು ಅವತ್ತೇ ಹೇಳಿದ್ದ.”

ಆಮೆ ಹೆಗ್ಗಣದ ಕಡೆ ತಿರುಗಿತು. “ಮೇಸ್ತ್ರಿ, ನಿನ್ನ ಕೋಲು ತೆಗೆದುಕೋ. ಇನ್ನು ಮೇಲೆ ಟೊಳ್ಳು ಸದ್ದು ಬಂದರೆ, ನಾನೇ ಹೇಳಿದರೂ ಯಾರನ್ನೂ ಇಳಿಸಬೇಡ.”