ದೇವರು ಬೇಡ ಎಂದ ಹೆಣ್ಣು

"ಗುರುಗಳೇ, ದೇವರು ಬೇಡ ಎಂದ ಹೆಣ್ಣನ್ನು ಮದುವೆಯಾಗಬಹುದೇ?" ಎಂದು ಪಂಪಣ್ಣ ಕೇಳಿದ.

ಗುರುಗಳು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ದೇವರು ಯಾವಾಗ ಹಾಗೆಂದ ಎಂದು ವಿಚಾರಿಸಿದರು. ಶಿಷ್ಯ ವಿವರಿಸಿದ. ಮನೆಯವರು ಅವನಿಗೊಂದು ಹೆಣ್ಣು ನೋಡಿದ್ದರು. ಅವನೂ ಹೋಗಿ ನೋಡಿ ಬಂದಿದ್ದ. ಹುಡುಗಿ ಮಾತಿನಲ್ಲಿ ಸ್ವಲ್ಪ ಜೋರು. ನಿಮ್ಮ ಗುರುಗಳು ಪಾಠ ಹೇಳುವಾಗ ನಿಮಗೆ ನಿದ್ದೆ ಬರುವುದುಂಟೋ ಎಂದು ಮೊದಲ ಭೇಟಿಯಲ್ಲೇ ಕೇಳಿದ್ದಳು. ಹಿರಿಯರಿಗೆ ಅನುಮಾನ ಬಂದು ಊರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳಿಸಿದರು. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಲೆಕ್ಕ. ಎಡಗಡೆಯದು ಬಿತ್ತು. ನಾಳೆ ಹುಡುಗಿಯ ಮನೆಗೆ ಬೇಡವೆಂದು ಹೇಳಿ ಕಳಿಸುವವರಿದ್ದರು.

"ನನಗೇನೂ ಬೇಸರವಿಲ್ಲ. ದೇವರ ಮಾತನ್ನು ಮೀರುವುದುಂಟೇ? ಆದರೂ ತಮ್ಮನ್ನೊಂದು ಸಲ ಕೇಳೋಣವೆಂದು ಬಂದೆ" ಎಂದ ಪಂಪಣ್ಣ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನು ತಿಗರಿಯ ಮೇಲೆ ಮಡಕೆಯ ಬಾಯಿ, ಹೊಟ್ಟೆ ಎತ್ತಿ ಕೊಟ್ಟರೆ, ಅವನ ಹೆಂಡತಿ ಹಲಗೆಯಿಂದ ತಟ್ಟಿ ತಟ್ಟಿ ತಳ ಮುಚ್ಚುತ್ತಿದ್ದಳು. ಮಡಕೆಗಳು ಚೆನ್ನಾಗಿಯೇ ಕೂಡಿಕೊಳ್ಳುತ್ತಿದ್ದವು, ಮಾತು ಮಾತ್ರ ಕೂಡುತ್ತಿರಲಿಲ್ಲ. ಮಣ್ಣು ಹದಕ್ಕೆ ಬಂತು ಎಂದು ಅವನು ಹೇಳಿದರೆ, ಇನ್ನೂ ತುಳಿಯಬೇಕು ಎಂದು ಅವಳು. ಮಡಕೆ ಸುಡಲು ಆವಿಗೆಗೆ ಬೆಂಕಿ ಹಾಕೋಣ ಎಂದರೆ, ಮೊದಲು ಮೋಡ ನೋಡಿ ಎಂದು ಅವಳು. ಹೆಚ್ಚು ಸಲ ಅವಳು ಹೇಳಿದ್ದೇ ಸರಿಯಾಗುತ್ತಿತ್ತು. ಕುಂಬಾರನಿಗೆ ಅದೇ ಉರಿ. ತಪ್ಪು ಹೇಳುವ ಹೆಂಡತಿಯನ್ನು ಗಂಡಸು ಹೇಗೋ ಕ್ಷಮಿಸುತ್ತಾನೆ, ಸರಿ ಹೇಳುವವಳನ್ನು ಕ್ಷಮಿಸುವುದು ಕಷ್ಟ.

ಒಂದು ದಿನ ಅವನು ಬೇಸತ್ತು ಗುಡಿಗೆ ಹೋದ. ಇವಳನ್ನು ಬಿಟ್ಟು ಬೇರೆ ಊರಿನಲ್ಲಿ ಬದುಕಲೇ ಎಂದು ಮನಸ್ಸಿನಲ್ಲೇ ಕೇಳಿಕೊಂಡ. ಹೂವು ಬಲಕ್ಕೆ ಬಿತ್ತು. ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆದರೆ ಅವನು ದೈವಭಕ್ತ, ಕೇಳಿ ಆದಮೇಲೆ ಮೀರುವ ಹಾಗಿಲ್ಲ. ಮನೆಗೆ ಬಂದು ಹೆಂಡತಿಗೆ ವಿಷಯ ತಿಳಿಸಿದ.

ಅವಳು ಕೈಯ ಮಣ್ಣು ತೊಳೆದುಕೊಂಡು ಬುತ್ತಿ ಕಟ್ಟತೊಡಗಿದಳು. ರೊಟ್ಟಿಯ ನಡುವೆ ಚಟ್ನಿ ಇಟ್ಟಳು. ಅವನ ಪಂಚೆ ಮಡಿಚಿದಳು. ಮದುವೆಯಾದ ಮೇಲೆ ಅವಳು ಎದುರಾಡದೆ ಇದ್ದದ್ದು ಅದೇ ಮೊದಲು. ಕುಂಬಾರನಿಗೆ ಹೆದರಿಕೆಯಾಯಿತು.

"ಏನೂ ಅನ್ನಲ್ವಾ ನೀನು?"

"ನಾನೇನನ್ನಲಿ? ನೀವು ದೇವರ ಮಾತು ಮೀರೋರಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. "ನಾನೂ ಹಿಂದೊಂದ್ಸಲ ಕೇಳಿದ್ದೆ, ಇವರನ್ನ ಬಿಟ್ಟು ತವರಿಗೆ ಹೋಗ್ಲಾ ಅಂತ. ನಂಗೂ ಬಲಕ್ಕೇ ಬಿತ್ತು."

"ಮತ್ಯಾಕೆ ಹೋಗ್ಲಿಲ್ಲ?"

"ದೇವರ ಹತ್ರ ಜಗಳ ಆಡ್ದೆ. ಇವರ ಜೊತೆ ಬಾಳಿರೋಳು ನಾನು, ನೀನಲ್ಲ, ನಿಂಗೇನು ಗೊತ್ತು ಅಂದೆ. ಕಾಯಿ ಒಡೆಸ್ಕೊಂಡು ಮನೆಗೆ ಬಂದೆ. ಸಾರಿಗಿಡೋ ಹೊತ್ತಾಗಿತ್ತು."

ಕುಂಬಾರ ಬಾಗಿಲಲ್ಲೇ ಕುಳಿತ. ನನ್ನ ಒಂದು ಮಾತಿಗೂ ಹೂಂ ಎನ್ನದವಳು ನನಗಾಗಿ ದೇವರಿಗೂ ಹೂಂ ಎನ್ನಲಿಲ್ಲವಲ್ಲ ಎಂದುಕೊಂಡ. ನಾಚಿಕೆಯೂ ಆಯಿತು, ನಗುವೂ ಬಂತು. ದಾರಿಗೆಂದು ಕಟ್ಟಿದ ಬುತ್ತಿಯನ್ನು ಅಲ್ಲೇ ಬಿಚ್ಚಿ ತಿನ್ನತೊಡಗಿದ.

"ಚಟ್ನಿಗೆ ಉಪ್ಪು ಜಾಸ್ತಿ" ಎಂದ.

"ಸರಿಯಾಗೇ ಇದೆ" ಎಂದಳು ಹೆಂಡತಿ.

ಹೋದ ಜೀವ ಬಂದಂತಾಯಿತು ಅವನಿಗೆ. ಊಟ ಮುಗಿಸಿ ತಿಗರಿಯ ಮುಂದೆ ಕೂತ.

ಗುರುಗಳು ಕತೆ ಮುಗಿಸಿ ಎಲೆಯನ್ನು ಬಾಯಿಗಿಟ್ಟುಕೊಂಡರು.

"ಹಾಗಾದರೆ ಆಕೆಗೆ ದೇವರಲ್ಲಿ ನಂಬಿಕೆ ಇರಲಿಲ್ಲವೇ?" ಎಂದು ಪಂಪಣ್ಣ ಕೇಳಿದ.

"ಗಂಡನಿಗಿದ್ದಷ್ಟೇ ನಂಬಿಕೆ ಆಕೆಗೂ ಇತ್ತು. ಅವನಿಗಿಂತ ಸಲಿಗೆ ಹೆಚ್ಚಿತ್ತು. ತನ್ನವರಲ್ಲದವರ ಹತ್ತಿರ ಯಾರು ಜಗಳವಾಡುತ್ತಾರೆ?"

"ಆಕೆ ಗಟ್ಟಿಗಿತ್ತಿ, ಗುರುಗಳೇ. ನಾನು ಅಂಥವನಲ್ಲ. ದೇವರಿಗೆ ಎದುರು ಮಾತಾಡುವ ಧೈರ್ಯ ನನಗೆಲ್ಲಿಂದ ಬರಬೇಕು?"

ಗುರುಗಳು ನಕ್ಕರು.

"ಎಡಗಡೆಯ ಹೂವು ಬಿದ್ದ ಮೇಲೂ ನನ್ನನ್ನು ಕೇಳಲು ಬಂದೆಯಲ್ಲ ಪಂಪಣ್ಣ, ನೀನು ಜಗಳಕ್ಕೆ ನಿಂತು ಆಗಲೇ ಎಷ್ಟೋ ಹೊತ್ತಾಯಿತು."