ಜೋಲಿ ಕಾದ ಅಡ್ರಾಸ್ಟಿಯಾ

ಒಂದಾನೊಂದು ಕಾಲದಲ್ಲಿ, ಇಲ್ಲಿಂದ ಎಷ್ಟೋ ಸಮುದ್ರ ದಾಟಿದ್ರೆ ಸಿಗೋ ಗ್ರೀಕರ ಸೀಮೇಲಿ, ಕ್ರೋನಸ್ ಅಂತ ಒಬ್ಬ ದೇವರಾಜ ಇದ್ದನಂತೆ. ಭೂಮಿ ಅವನದು, ಆಕಾಶ ಅವನದು, ಸಮುದ್ರಾನೂ ಅವನದೇ. ಇಷ್ಟಿದ್ರೂ ನೆಮ್ಮದಿ ಇಲ್ಲ. ನಿನ್ನ ಮಕ್ಕಳಲ್ಲೇ ಒಬ್ಬ ನಿನ್ನ ಸಿಂಹಾಸನ ಕಿತ್ಕೊಳ್ತಾನೆ ಅಂತ ಭವಿಷ್ಯ ಹೇಳಿಬಿಟ್ಟಿದ್ರಂತೆ. ಆಮೇಲೆ ಅವನು, ಹೆಂಡತಿ ರಿಯಾ ಹೆತ್ತ ಒಂದೊಂದು ಮಗೂನೂ ಹುಟ್ಟಿದ ಹಾಗೇ ಗುಳುಂ ಅಂತ ನುಂಗ್ತಾ ಬಂದನಂತೆ. ಇಲ್ಲ ಕಂದಾ, ಅಗಿಯಲಿಲ್ಲ. ದೇವರ ಮಕ್ಕಳಲ್ವಾ, ಹೊಟ್ಟೆಯೊಳಗೇ ಜೀವ ಹಿಡ್ಕೊಂಡು ಕೂತಿದ್ರಂತೆ. ಹತ್ರ ಬಾ, ಕೈ ಹಿಡ್ಕೋ.

ಕೊನೇ ಮಗು ಹುಟ್ಟಿದಾಗ ರಿಯಾ ತಡೀಲಾರದೆ ಒಂದು ಗುಂಡುಕಲ್ಲಿಗೆ ಬಟ್ಟೆ ಸುತ್ತಿ ಗಂಡನ ಕೈಗೆ ಕೊಟ್ಟಳಂತೆ. ಅವನು ಬಿಚ್ಚಿ ನೋಡದೇನೇ ನುಂಗಿದ. ಆಮೇಲೆ ಅವಳು ಕೂಸನ್ನ ಬಟ್ಟೇಲಿ ಮುಚ್ಕೊಂಡು ಕ್ರೀಟ್ ಅನ್ನೋ ದ್ವೀಪಕ್ಕೆ ಓಡಿಬಂದು, ಅಲ್ಲಿ ಬೆಟ್ಟದ ಗುಹೇಲಿ ಮೇಕೆ ಸಾಕ್ಕೊಂಡಿದ್ದ ಅಡ್ರಾಸ್ಟಿಯಾ ಅನ್ನೋ ಹುಡುಗಿ ಮಡಿಲಿಗೆ ಹಾಕಿ, ಇವನು ಜೀಯಸ್, ಹೇಗಾದ್ರೂ ಉಳಿಸಮ್ಮಾ ಅಂತ ಅಂದು, ಗಂಡ ಹುಡುಕ್ತಾನೆ ಅಂತ ಹಾಗೇ ವಾಪಸ್ ಹೋದಳಂತೆ.

ಅಡ್ರಾಸ್ಟಿಯಾಗೆ ಮಗು ಸಾಕಿ ಗೊತ್ತೇ ಇಲ್ಲ. ಮೊದಲನೇ ಕಷ್ಟ ಹಾಲಿಂದು. ಬಟ್ಟೆ ಅದ್ದಿ ಬಾಯಿಗಿಟ್ರೆ ಕೂಸು ಮುಖ ತಿರುಗಿಸ್ತು, ತುಟಿ ಒಣಗಿ ಬಂತು. ನನ್ನ ಕೈಯಲ್ಲೇ ಹೋಗ್ಬಿಡುತ್ತೇನೋ ಅಂತ ಅವಳು ಅಳ್ತಾ ಕೂತಿದ್ರೆ, ಹೊಸದಾಗಿ ಈದಿದ್ದ ಮೇಕೆ, ಅಮಾಲ್ತಿಯಾ ಅಂತ ಅದರ ಹೆಸರು, ತಾನಾಗೇ ಬಂದು ಪಕ್ಕದಲ್ಲಿ ಮಲಗ್ತಂತೆ. ಕೂಸು ಕೆಚ್ಚಲಿಗೆ ಬಾಯಿ ಹಾಕಿ ಚಪ್ಪರಿಸ್ತಂತೆ.

ಹಾಲು ಹತ್ತಿದ್ದೇ ತಡ ಗಂಟಲೂ ಬಂತು. ಅದು ಎರಡನೇ ಕಷ್ಟ. ಅತ್ರೆ ಬೆಟ್ಟಕ್ಕೆ ಬೆಟ್ಟವೇ ಮೊಳಗೋದಂತೆ. ಅಡ್ರಾಸ್ಟಿಯಾ ಬೆಟ್ಟದ ಕಾವಲಿನವರ ಕಾಲು ಹಿಡಿದಳು. ಅಳು ಕ್ರೋನಸ್ ಕಿವಿಗೆ ಬೀಳದಿರಲಿ ಅಂತ ಅವರು ಮಗು ಅತ್ತಾಗೆಲ್ಲ ಕತ್ತಿಯಿಂದ ಗುರಾಣಿ ಬಡ್ಕೊಂಡು ಢಣಾ ಢಣಾ ಕುಣೀತಿದ್ರಂತೆ.

ಅಷ್ಟರಲ್ಲಿ ಅಲ್ಲಿ ಕ್ರೋನಸ್‌ಗೆ ಹೊಟ್ಟೇಲಿ ಕಲ್ಲು ಒತ್ತೋಕೆ ಶುರುವಾಯ್ತು, ಜೊತೆಗೆ ಅನುಮಾನಾನೂ. ರಿಯಾ ಗಾಳಿ ಕೈಲಿ ಹೇಳಿ ಕಳಿಸಿದಳಂತೆ, ಹೊರಟಿದ್ದಾನೆ, ಭೂಮಿನ ಕೇಳ್ತಾನೆ, ಆಕಾಶಾನ ಕೇಳ್ತಾನೆ, ಸಮುದ್ರಾನ ಕೇಳ್ತಾನೆ, ಅವು ಮೂರೂ ಅವನಿಗೆ ಸುಳ್ಳು ಹೇಳೋ ಹಾಗಿಲ್ಲ ಅಂತ.

ಎಲ್ಲಿ ಬಚ್ಚಿಡೋದು? ಗುಹೆ ಭೂಮೀದು. ದೋಣೀಲಿಟ್ರೆ ಸಮುದ್ರದ್ದು. ಅಡ್ರಾಸ್ಟಿಯಾ ಒಳಗೂ ಹೊರಗೂ ಓಡಾಡಿ, ಆಮೇಲೆ ಹೊದ್ದಿದ್ದ ಬಟ್ಟೇನೇ ಜೋಲಿ ಮಾಡಿ, ಮಗು ಮಲಗಿಸಿ, ಮರದ ಕೊಂಬೆಗೆ ಕಟ್ಟಿ, ನೆಲಾನೂ ಮುಟ್ಟದ ಆಕಾಶಾನೂ ಮುಟ್ಟದ ಹಾಗೆ ಎಲೆ ಮಧ್ಯೆ ತೂಗುಬಿಟ್ಟಳಂತೆ.

ಕ್ರೋನಸ್ ಬಂದ. ಆ ಮರದ ಬುಡದಲ್ಲೇ ನಿಂತ. ಮಗು ನಿನ್ನ ಮೇಲಿದೆಯಾ ಅಂದ್ರೆ ಭೂಮಿ ನನ್ನ ಮೇಲಿಲ್ಲ ಅಂತು, ಆಕಾಶ ನನ್ನಲ್ಲಿಲ್ಲ ಅಂತು, ಸಮುದ್ರ ನನ್ನಲ್ಲೂ ಇಲ್ಲ ಅಂತು. ಅವನ ಕಣ್ಣಿಗೋ, ಅವನ ರಾಜ್ಯದಲ್ಲಿರೋದು ಮಾತ್ರ ಕಾಣೋದಂತೆ. ಆದ್ರೆ ಕಿವಿ ಇತ್ತಲ್ಲ. ಮೇಲೆ ಜೋಲಿ ಅಲ್ಲಾಡ್ತು, ಗಂಟು ಸಡಿಲ ಆಗ್ತಾ ಬಂತು, ಮಗು ಅಳೋಕೆ ಶುರುಮಾಡ್ತು. ಕಾವಲಿನವರು ಗುರಾಣಿ ಬಡಿದೇ ಬಡಿದ್ರು.

ಏನದು ಗದ್ದಲ ಅಂದ ಕ್ರೋನಸ್.

ನಮ್ಮವರ ಕುಣಿತ, ಸ್ವಾಮಿ ಅಂದಳು ಅಡ್ರಾಸ್ಟಿಯಾ.

ನಿನ್ನ ಕೈ ಯಾಕೆ ನಡುಗ್ತಿದೆ?

ನಿಮ್ಮನ್ನ ಕಂಡು ನಡುಗದೆ ಇರೋರು ಯಾರಿದ್ದಾರೆ, ಸ್ವಾಮಿ ಅಂದಳಂತೆ.

ಅವನಿಗೆ ಆ ಮಾತು ಹಿತವಾಯ್ತು. ಮೀಸೆ ತಿರುವಿ ಹೊರಟುಹೋದ. ಅವನು ಮರೆಯಾದ್ನೋ ಇಲ್ವೋ, ಗಂಟು ಬಿಚ್ಚಿ ಕೂಸು ಜಾರ್ತು. ಅಡ್ರಾಸ್ಟಿಯಾ ಓಡಿ ಎರಡೂ ಕೈಲಿ ಹಿಡ್ಕೊಂಡಳಂತೆ.

ಆಮೇಲೆ ಮಗು ದೊಡ್ಡವನಾಗಿ, ಅಪ್ಪನಿಗೆ ಉಪಾಯವಾಗಿ ಕಷಾಯ ಕುಡಿಸಿದ. ಕ್ರೋನಸ್ ಕಲ್ಲನ್ನೂ ಕಕ್ಕಿದ, ಮಕ್ಕಳನ್ನೂ ಕಕ್ಕಿದ. ಅಣ್ಣಂದಿರು, ಅಕ್ಕಂದಿರು ಎಲ್ಲ ಈಚೆ ಬಂದ್ರು, ರಿಯಾ ಒಬ್ಬೊಬ್ಬರನ್ನೂ ತಡವಿ ತಡವಿ ನೋಡಿದಳು. ಜೀಯಸ್ ರಾಜನಾದ. ಸಾಕಿದವಳನ್ನ ಕರೆಸಿ, ಏನು ಬೇಕಮ್ಮ ಅಂತ ಕೇಳಿದ.

ನನಗೇನೂ ಬೇಡಪ್ಪ, ನೀನು ಕಣ್ಣಿಗೆ ಕಾಣ್ತಿದ್ರೆ ಸಾಕು, ಇನ್ನೂ ಬೀಳ್ತೀಯೇನೋ ಅನ್ಸತ್ತೆ ಅಂದಳಂತೆ.

ನಾವು ಗುರುಗ್ರಹ ಅಂತೀವಲ್ಲ, ಅದಕ್ಕೆ ಆ ಕಡೆಯವರು ಇಟ್ಟಿರೋದು ಇವನದೇ ಇನ್ನೊಂದು ಹೆಸರು, ಜುಪಿಟರ್ ಅಂತ. ಅದರ ತೀರ ಹತ್ತಿರದಲ್ಲಿ ಒಂದು ಪುಟಾಣಿ ಚಂದ್ರ ಸುತ್ತುತ್ತೆ. ಬರಿಗಣ್ಣಿಗೆ ಕಾಣಲ್ಲ. ಅದರ ಹೆಸರು ಅಡ್ರಾಸ್ಟಿಯಾ. ಗುರು ತನ್ನ ಸುತ್ತ ತಾನೇ ಒಂದು ಸಲ ತಿರುಗೋದ್ರೊಳಗೆ ಅವಳು ಪೂರ್ತಿ ಒಂದು ಸುತ್ತು ಬಂದು ಇನ್ನೊಂದಕ್ಕೆ ಹೊರಟಿರ್ತಾಳೆ.

ಸುಸ್ತಾಗಲ್ವಾ ಅಂತೀಯಾ? ಆಗತ್ತೇನೋ. ಆದ್ರೂ ಪ್ರತಿ ಸುತ್ತಲ್ಲೂ ನೋಡ್ತಾಳಲ್ಲ, ಅವನು ಅಲ್ಲೇ ಇದ್ದಾನೆ. ಅಲ್ಲಿಗೆ ಕತೆ ಆಯ್ತು ಕಂದಾ, ಕಣ್ಣು ಮುಚ್ಚು.